ಎಬಿಎಸ್ ದೀಪ ಹತ್ತಿದರೆ ಮೊದಲು ಚಕ್ರದ ಹತ್ತಿರ ನೋಡಿ
ಹಳೇ ಕಾರಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿ ಸುಮ್ನೆ ತಿರುಗದಂತೆ ತಡೆಯುವುದು) ದೀಪ ಒಟ್ಟಿಗೇ ಹತ್ತಿದರೆ ಎರಡೆರಡು ತೊಂದರೆ ಅಂತ ಗಾಬರಿ ಬೇಡ. ಎರಡೂ ನಂಬಿರುವುದು ಚಕ್ರದ ವೇಗ ಅಳೆಯುವ ಅದೇ ವೀಲ್ ಸ್ಪೀಡ್ ಸೆನ್ಸರ್‌ಗಳನ್ನು. ಸುಮ್ನೆ ಎಬಿಎಸ್ ಮಾಡ್ಯೂಲ್ (ಅದನ್ನು ನಡೆಸುವ ಕಂಟ್ರೋಲ್ ಪೆಟ್ಟಿಗೆ) ಬದಲಿಸಲು ಹೋಗಬೇಡಿ. ಕಾರಿನ ದೋಷದ ಕೋಡ್ ಓದುವ ಅಗ್ಗದ ಸ್ಕ್ಯಾನರ್‌ಗಳು ಜಾಸ್ತಿ ಇಂಜಿನ್ ಕೋಡ್ ಮಾತ್ರ ಓದುತ್ತವೆ, ಎಬಿಎಸ್ ಕೋಡ್ ಓದುವಂಥದ್ದೇ ಬೇಕು. ಕೋಡ್ ನೋಡಿ ಯಾವ ಚಕ್ರ ಅಂತ ಗೊತ್ತಾದ ಮೇಲೆ ಅಲ್ಲಿನ ಸೆನ್ಸರ್ ವೈರ್ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ. ಎಷ್ಟೋ ಸಲ ಅದು ಒಳಗೇ ತುಂಡಾಗಿರುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ.

ಇನ್ನೇನು ಕಾರು ನಿಲ್ಲುತ್ತದೆ ಅನ್ನುವಾಗ, ಒಣ ರಸ್ತೆಯಲ್ಲೂ ಬ್ರೇಕ್ ಪೆಡಲ್ ಕಾಲಡಿ ಗಡಗಡ ಅಂದರೆ? ಎಬಿಎಸ್ ಸುಮ್‌ಸುಮ್ನೆ ಕೆಲಸ ಮಾಡುತ್ತಿರಬಹುದು. ಟೋನ್ ರಿಂಗ್ (ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಬಳೆ) ಬಿರುಕು ಬಿಟ್ಟಿರಬಹುದು, ಇಲ್ಲವೇ ತುಕ್ಕು ಹಿಡಿದಿರಬಹುದು.

ಬರೀ ಹಳದಿ ಎಬಿಎಸ್ ದೀಪವಾದರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಹಿಡಿಯುತ್ತದೆ. ಕೆಂಪು ಬ್ರೇಕ್ ದೀಪವೂ ಹತ್ತಿದರೆ ಗಾಡಿ ಪಕ್ಕಕ್ಕೆ ಹಾಕಿ, ಬ್ರೇಕ್ ಆಯಿಲ್ ನೋಡಿ, ಮುಂದೆ ಓಡಿಸಬೇಡಿ.