ಕೃತಕ ಕಣ್ಣು ಹಾಕಿಸುವುದು ಹೇಗೆ? ಹಾಕಿಸಿದ ಮೇಲೆ ಏನು?

ಸಕಲೇಶಪುರ, ಬೇಲೂರು ಕಡೆಯ ತೋಟಗಳಲ್ಲಿ ಕಳೆ ಹೊಡೆಯುವ ಮೆಷಿನ್‌ನಿಂದ ಸಿಡಿದ ಕಲ್ಲು, ಕಸಿ ಮಾಡುವಾಗ (ರೆಂಬೆ ಸವರುವಾಗ) ಮುಖಕ್ಕೆ ರಪ್ಪನೆ ಬಡಿದ ಕಾಫಿ ರೆಂಬೆ, ಹಬ್ಬದ ಪಟಾಕಿ. ಕಣ್ಣು ಹೋಗುವುದಕ್ಕೆ ಇಷ್ಟು ಸಾಕು. ಕ್ಯಾನ್ಸರ್, ಹತೋಟಿಗೆ ಬಾರದ ಸೋಂಕು, ದೃಷ್ಟಿ ಹೋದ ಮೇಲೂ ನಿಲ್ಲದ ನೋವು ಇದ್ದರೂ ಕಣ್ಣು ತೆಗೆಯಬೇಕಾಗಿ ಬರುತ್ತದೆ. ಆಮೇಲೆ ಎಷ್ಟೋ ಮಂದಿ ಕಪ್ಪು ಕನ್ನಡಕ ಹಾಕಿಕೊಂಡು ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಹಾಗೆ ಖಾಲಿ ಬಿಟ್ಟರೆ ಕಣ್ಣುಗೂಡು ಕುಗ್ಗುತ್ತದೆ, ಮುಂದೆ ಕಣ್ಣು ಕೂರಿಸುವುದೇ ಕಷ್ಟ. ಕೃತಕ ಕಣ್ಣಿನಿಂದ ನೋಡಲಾಗದು. ಆದರೆ ರೆಪ್ಪೆಗೆ ಆಸರೆ ಕೊಡುವುದು, ಗೂಡಿನ ಆಕಾರ ಉಳಿಸುವುದು ಅದೇ.

ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಗೂಡಿನೊಳಗೆ ಗೋಲಿಯಂಥ ಒಂದು ಗುಂಡು (ಇಂಪ್ಲಾಂಟ್) ಇಟ್ಟು ಹೊಲಿಯುತ್ತಾರೆ. ಅದು ಹೊರಗೆ ಕಾಣುವುದಿಲ್ಲ. ಅದರ ಮುಂದೆ, ರೆಪ್ಪೆಯ ಹಿಂದೆ, ಜಾಗ ಕಾಯಲು ತೆಳು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಅದು ಕಳಚಿ ಬಿದ್ದರೆ ಬಿಸಾಡಬೇಡಿ, ತೊಳೆದು ಡಾಕ್ಟರ ಬಳಿ ಒಯ್ಯಿರಿ. ಊತ ಇಳಿದು ಗಾಯ ಮಾಯಲು 6ರಿಂದ 8 ವಾರ ಬೇಕು. ಅಳತೆ ಕೊಡುವುದು ಅದಾದ ಮೇಲೆ.

ಹಾಸನದವರು ಮೊದಲು ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತೋರಿಸಿ, ಗೂಡು ಸಿದ್ಧವಾಗಿದೆಯೇ ಎಂದು ಕೇಳಿಕೊಳ್ಳಬಹುದು. ಕಣ್ಣು ತಯಾರಿಸುವವರನ್ನು ಆಕ್ಯುಲರಿಸ್ಟ್ ಎನ್ನುತ್ತಾರೆ. ಇವರು ಹೆಚ್ಚಾಗಿ ಸಿಗುವುದು ದೊಡ್ಡ ಊರುಗಳಲ್ಲಿ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಎಂದರೆ, ಹಲ್ಲಿನ ಸೆಟ್ ಕಟ್ಟುವ ಪ್ರಾಸ್ತೋಡಾಂಟಿಕ್ಸ್ ವಿಭಾಗದವರೂ ಕಣ್ಣು ಮಾಡಬಲ್ಲರು. ಹಾಗಾಗಿ ಬೆಂಗಳೂರಿನ ರೈಲು ಹತ್ತುವ ಮೊದಲು ಇಲ್ಲೇ ಇರುವ ಶ್ರೀ ಹಾಸನಾಂಬ ದಂತ ಕಾಲೇಜಿನಲ್ಲಿ ಒಂದು ಮಾತು ವಿಚಾರಿಸಿ.

ಹಲ್ಲಿಗೂ ಕಣ್ಣಿಗೂ ನಂಟು ಬೆಸೆದದ್ದು ಎರಡನೇ ಮಹಾಯುದ್ಧ. ಅಲ್ಲಿಯವರೆಗೆ ಒಳ್ಳೆಯ ಗಾಜಿನ ಕಣ್ಣು ಜರ್ಮನಿಯಿಂದ ಬರುತ್ತಿತ್ತು. ಪೂರೈಕೆ ನಿಂತಾಗ ಅಮೆರಿಕದ ಸೇನೆಯ ದಂತ ತಂತ್ರಜ್ಞರು ಹಲ್ಲಿನ ಸೆಟ್‌ಗೆ ಬಳಸುವ ಅಕ್ರಿಲಿಕ್ ಪ್ಲಾಸ್ಟಿಕ್‌ನಲ್ಲೇ ಕಣ್ಣು ಮಾಡಿದರು. ಇವತ್ತಿಗೂ ಬಳಕೆಯಲ್ಲಿರುವುದು ಹೆಚ್ಚಾಗಿ ಅದೇ.

ರೆಡಿಮೇಡ್ ಕಣ್ಣು ಅಗ್ಗ. ಆದರೆ ಕೈಲಾದರೆ ಅಳತೆ ಕೊಟ್ಟೇ ಮಾಡಿಸಿ. ಹಲ್ಲಿನ ಅಚ್ಚು ತೆಗೆಯುವಂಥದೇ ತಣ್ಣನೆಯ ಹಿಟ್ಟನ್ನು ಗೂಡಿಗೆ ತುಂಬಿ, ನೇರ ನೋಡಿ ಎನ್ನುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ಆ ಅಚ್ಚಿನಿಂದ ಮೇಣದ ಮಾದರಿ ಮಾಡಿ, ರೆಪ್ಪೆ ಎರಡೂ ಕಡೆ ಒಂದೇ ಸಮ ತೆರೆಯುತ್ತದೆಯೇ ಎಂದು ನೋಡಿ ಕೆರೆಯುತ್ತಾರೆ, ಸೇರಿಸುತ್ತಾರೆ. ಆಮೇಲೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಪಾಪೆಯ ಸುತ್ತಿನ ಕಂದು ಬಣ್ಣವನ್ನು ಬ್ರಷ್ ಹಿಡಿದು ಪದರ ಪದರವಾಗಿ ಬರೆಯುತ್ತಾರೆ. ಬಿಳಿ ಭಾಗದ ರಕ್ತನಾಳಗಳಂತೆ ಕಾಣಲು ಕೆಂಪು ದಾರದ ಕೂದಲೆಳೆ ಅಂಟಿಸಿ, ಮೇಲೆ ಪಾರದರ್ಶಕ ಪದರ ಕೊಟ್ಟು ಪಾಲಿಶ್ ಮಾಡುತ್ತಾರೆ. ಟ್ಯೂಬ್‌ಲೈಟಿನಲ್ಲಿ ಸರಿ ಕಂಡ ಬಣ್ಣ ಬಿಸಿಲಿಗೆ ಬಂದರೆ ಬೇರೆ ಕಾಣಬಹುದು. ಸಂಕೋಚ ಬಿಟ್ಟು ಕನ್ನಡಿ ಕೇಳಿ, ಕಿಟಕಿ ಹತ್ತಿರ ನಿಂತು ನೋಡಿ. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ದಿದ್ದರೆ ಇನ್ನೂ ಒಳ್ಳೆಯದು.

ಹಾಕುವುದು, ತೆಗೆಯುವುದು

ಸಿಂಕಿನ ತೂತು ಮುಚ್ಚಿ, ಒಳಗೆ ಟವೆಲ್ ಹಾಸಿ. ಸೋಪಿನಿಂದ ಕೈ ತೊಳೆಯಿರಿ. ತೆಗೆಯುವಾಗ ಮೇಲೆ ನೋಡುತ್ತಾ ಕೆಳರೆಪ್ಪೆಯನ್ನು ಕೆಳಗೆ ಎಳೆದು ಒಳಕ್ಕೆ ಮೆಲ್ಲಗೆ ಒತ್ತಿದರೆ ಕಣ್ಣು ಜಾರಿ ಅಂಗೈಗೆ ಬರುತ್ತದೆ. ಹಾಕುವಾಗ ಮೇಲಿನ ರೆಪ್ಪೆ ಎತ್ತಿ ಕಣ್ಣಿನ ಮೇಲಂಚನ್ನು ಅದರಡಿ ತೂರಿಸಿ ಹಿಡಿದುಕೊಂಡು, ಕೆಳರೆಪ್ಪೆ ಎಳೆಯಿರಿ, ಕೂತುಕೊಳ್ಳುತ್ತದೆ. ಮೂಗಿನ ಕಡೆಯ ತುದಿ ಯಾವುದೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಕಲಿತಿರೆಂದು ದಿನಾ ತೆಗೆಯಬೇಡಿ. ಪದೇ ಪದೇ ಕೈ ಹಾಕಿದಷ್ಟೂ ಗೂಡು ಕೆರಳಿ ಪಿಚ್ಚು ಹೆಚ್ಚುತ್ತದೆ. ಮಲಗುವಾಗಲೂ ಒಳಗೇ ಇರಲಿ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂದು ಮಾಡಿಕೊಟ್ಟವರು ಹೇಳುತ್ತಾರೆ. ತೊಳೆಯಲು ಸೌಮ್ಯ ಸೋಪು, ಉಗುರು ಬೆಚ್ಚಗಿನ ನೀರು ಸಾಕು. ಸ್ಪಿರಿಟ್, ಸ್ಯಾನಿಟೈಸರ್, ಕುದಿನೀರು ತಾಗಿದರೆ ಅಕ್ರಿಲಿಕ್ ಕೆಡುತ್ತದೆ. ಟವೆಲ್ಲಿನಿಂದ ಗಸಗಸ ಉಜ್ಜಿದರೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಕೊಳೆ ಕೂರುತ್ತದೆ. ಕಣ್ಣು ಒರೆಸುವಾಗ ರೆಪ್ಪೆ ಮುಚ್ಚಿ ಮೂಗಿನ ಕಡೆಗೆ ಒರೆಸಿ; ಕಿವಿಯ ಕಡೆಗೆ ಒರೆಸಿದರೆ ಜಾರಿ ಹೊರಬರಬಹುದು. ಸುಗ್ಗಿಯಲ್ಲಿ ಕಾಫಿ ಕಣದ ಧೂಳಿಗೆ ಕಣ್ಣು ಒಣಗಿದಂತಾದರೆ ಡಾಕ್ಟರು ಬರೆದುಕೊಟ್ಟ ಡ್ರಾಪ್ಸ್ ಹಾಕಿಕೊಳ್ಳಿ.

ವರ್ಷಕ್ಕೊಮ್ಮೆಯಾದರೂ ಪಾಲಿಶ್ ಮಾಡಿಸಿ. ಸುಮಾರು 5 ವರ್ಷಕ್ಕೆ ಬದಲಿಸಬೇಕಾಗುತ್ತದೆ. ಬೆಳೆಯುವ ಮಕ್ಕಳಿಗೆ ಇನ್ನೂ ಬೇಗ. ಹಸಿರು ಕೀವು, ರಕ್ತ, ವಾಸನೆ, ನೋವು ಕಂಡರೆ ಅಥವಾ ಕಣ್ಣು ಒಳಗೇ ತಿರುಗತೊಡಗಿದರೆ ಮನೆಮದ್ದು ಬೇಡ, ನೇರ ಡಾಕ್ಟರ ಬಳಿ ಹೋಗಿ.

ಒಂಟಿ ಕಣ್ಣಿಗೆ ದೂರದ ಅಂದಾಜು ತಪ್ಪುತ್ತದೆ. ಮೆಣಸು ಬಿಡಿಸಲು ಸಿಲ್ವರ್ ಓಕ್‌ಗೆ ಏಣಿ ಹಾಕುವ ಕೆಲಸವನ್ನು ಕೆಲವು ತಿಂಗಳು ಬೇರೆಯವರಿಗೆ ಬಿಡಿ. ಉಳಿದ ಕಣ್ಣಿಗೆ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಕನ್ನಡಕ ಬೇಕೇ ಬೇಕು. ಪವರ್ ಇಲ್ಲದಿದ್ದರೂ ಹಾಕಿ.

ಪ್ರಮಾಣಪತ್ರದ ವಿಷಯ: ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಸಾಮಾನ್ಯವಾಗಿ ಶೇ 30 ಅಂಗವೈಕಲ್ಯ ಎಂದು ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಮೀಸಲಾತಿಗೆ ಕನಿಷ್ಠ ಶೇ 40 ಬೇಕು. ಹೆಚ್ಚು ಬರೆಸಿಕೊಡುತ್ತೇನೆ ಎಂದು ಬರುವ ಏಜೆಂಟರಿಗೆ ದುಡ್ಡು ಕೊಡಬೇಡಿ.