ಕ್ಯಾಂಪರ್ ವ್ಯಾನಿನ ಸಬ್-ಪ್ಯಾನೆಲ್: ನ್ಯೂಟ್ರಲ್ ಬಾರ್ ಎರಡಿರಲಿ

ವ್ಯಾನಿಗೆ ಇನ್ವರ್ಟರ್ ಹಾಕುವವರು ಸಬ್-ಪ್ಯಾನೆಲ್‌ನಲ್ಲಿ (ವ್ಯಾನಿನೊಳಗಿನ ಕರೆಂಟ್ ಹಂಚುವ ಪೆಟ್ಟಿಗೆ) ನ್ಯೂಟ್ರಲ್ ಬಾರ್, ಅಂದರೆ ನ್ಯೂಟ್ರಲ್ ತಂತಿಗಳನ್ನು ಬಿಗಿಯುವ ಲೋಹದ ಪಟ್ಟಿ, ಎರಡು ಕೂರಿಸಿ. ಗೀಸರ್, ಇಂಡಕ್ಷನ್ ಒಲೆಯ ನ್ಯೂಟ್ರಲ್ ತಂತಿ ಮೇನ್ಸ್ (ಹೊರಗಿನ ಪ್ಲಗ್ ಕರೆಂಟಿನ) ಬಾರ್‌ಗೆ. ಲೈಟು, ಫ್ಯಾನು, ಚಾರ್ಜಿಂಗ್ ಪಾಯಿಂಟಿನದ್ದು ಇನ್ವರ್ಟರ್ ಬಾರ್‌ಗೆ. ಫೇಸ್ ಬೇರೆ ಮಾಡಿ ನ್ಯೂಟ್ರಲ್ ಮಾತ್ರ ಒಟ್ಟಿಗೆ ಬಿಗಿಯುವುದೇ ಎಲ್ಲರೂ ಮಾಡುವ ತಪ್ಪು. ಇನ್ವರ್ಟರ್ ಲೈನಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹೋದ ಕರೆಂಟನ್ನೂ ಬಂದ ಕರೆಂಟನ್ನೂ ತಾಳೆ ನೋಡುತ್ತದೆ. ಒಂದಿಷ್ಟು ಮೇನ್ಸ್ ಬಾರ್ ಮೂಲಕ ವಾಪಸ್ಸಾದರೆ 30 ಮಿಲಿಆಂಪ್ ವ್ಯತ್ಯಾಸ ಸಾಕು, ಆ ಸ್ವಿಚ್ ಟ್ರಿಪ್ ಆಗಿ ಕೆಳಗೆ ಬೀಳುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಬ್ಯಾಟರಿಯಲ್ಲಿ ಸರಿಯಿದ್ದದ್ದು ಮಡಿಕೇರಿ ಹೋಂಸ್ಟೇ ಅಂಗಳದಲ್ಲಿ ಪ್ಲಗ್ ಹಾಕಿದ ಕೂಡಲೇ ಟ್ರಿಪ್ ಆಗುವುದು. ಪರೀಕ್ಷೆ ಸುಲಭ: ಹೊರಗಿನ ಪ್ಲಗ್ ಕಿತ್ತು, ಇನ್ವರ್ಟರ್ ಆಫ್ ಮಾಡಿ, ಎರಡು ಬಾರ್ ನಡುವೆ ಮಲ್ಟಿಮೀಟರನ್ನು ಬೀಪ್ (ಕಂಟಿನ್ಯುಟಿ) ಮೋಡ್‌ನಲ್ಲಿಟ್ಟು ಹಿಡಿಯಿರಿ. ಬೀಪ್ ಬಂದರೆ ಎಲ್ಲೋ ಸೇರಿಕೊಂಡಿದೆ. ಕೆಲವು ಇನ್ವರ್ಟರ್‌ಗಳಲ್ಲಿ ಇನ್‌ಪುಟ್-ಔಟ್‌ಪುಟ್ ನ್ಯೂಟ್ರಲ್ ಒಳಗೇ ಒಂದಾಗಿರುತ್ತದೆ, ಆಗ ಬೀಪ್ ಬಂದೇ ಬರುತ್ತದೆ. ಔಟ್‌ಪುಟ್ ನ್ಯೂಟ್ರಲ್ ಬಿಚ್ಚಿ ನೋಡಿ. ಇನ್ನು ನಮ್ಮ ಜೂನ್-ಜುಲೈ ಮಳೆಗೆ ಹೊರಗಿನ ಸಾಕೆಟ್ ಒದ್ದೆಯಾಗಿ ಅರ್ತ್‌ಗೆ ಸೋರಿದರೂ ಆರ್‌ಸಿಸಿಬಿ ಬೀಳುತ್ತದೆ, ಅದಕ್ಕೆ ಬಾರ್ ಬೇರೆ ಮಾಡಿ ಪ್ರಯೋಜನವಿಲ್ಲ. ಮೊದಲು ಪ್ಲಗ್ ಒಣಗಿಸಿ. ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿ ಬೈಪಾಸ್ ಮಾಡಲು ಮಾತ್ರ ಹೋಗಬೇಡಿ, ವ್ಯಾನಿನ ಬಾಡಿ ಪೂರ್ತಿ ಕಬ್ಬಿಣ.