ವಿಡಿಯೋ ಎಲ್ಲಿ ನಿಲ್ಲಿಸಬೇಕು: ಮೇಷ್ಟ್ರುಗಳ ತರಬೇತಿಯಲ್ಲಿ ನನ್ನ ಅನುಭವ

ನಾನು ಹೈಸ್ಕೂಲು ವಿಜ್ಞಾನ ಮೇಷ್ಟ್ರು. ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕಿನಲ್ಲಿ ಶಿಕ್ಷಕರ ತರಬೇತಿ ಇದ್ದಾಗ ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತೇನೆ. ಪಾಠಕ್ಕೆ ವಿಡಿಯೋ, ಸ್ಲೈಡ್ ಬಳಸೋದು ನನ್ನ ವಿಷಯ. ಇಂಥ ತರಬೇತಿ ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಸಾಫ್ಟ್‌ವೇರೇ. ಹೊಸ ಸ್ಲೈಡ್ ಸೇರಿಸಿ, ಬಣ್ಣ ಬದಲಿಸಿ, ಅಕ್ಷರ ಹಾರಿಸಿ. ನಾನು ಅದನ್ನೆಲ್ಲ ಊಟದ ನಂತರಕ್ಕೆ ತಳ್ಳಿದ್ದೇನೆ. ಬೆಳಿಗ್ಗೆ ಲ್ಯಾಪ್‌ಟಾಪ್ ಮುಚ್ಚೇ ಇರುತ್ತೆ. ಮುಂದಿನ ವಾರ ಯಾವ ಪಾಠ ಮಾಡಬೇಕು, ಅದರಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸುತ್ತೇನೆ.

ವಿಡಿಯೋ ಬೇಕೋ ಬೇಡವೋ ಅನ್ನೋದು ಆ ಹಾಳೆಯಲ್ಲೇ ತೀರ್ಮಾನವಾಗುತ್ತೆ. ನೀಲಿ ಲಿಟ್ಮಸ್ ಕೆಂಪಾಗೋದು, ಆಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಗಟ್ಟೋದು, ಹೆಸರುಕಾಳು ಮೊಳಕೆ ಒಡೆಯೋದು, ಇವಕ್ಕೆಲ್ಲ ವಿಡಿಯೋ ಯಾಕೆ? ಮಕ್ಕಳ ಕೈಲೇ ಮಾಡಿಸಬಹುದಲ್ವಾ. ಮೈಯೊಳಗೆ ನಡೆಯೋದು, ತೀರಾ ಚಿಕ್ಕದು, ತೀರಾ ಅಪಾಯದ್ದು ಇದ್ದರೆ ಮಾತ್ರ ಪ್ರೊಜೆಕ್ಟರ್ ಹಚ್ಚಿ ಅನ್ನುತ್ತೇನೆ.

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಬರೋ ಹೃದಯ ಇದಕ್ಕೆ ಒಳ್ಳೇ ಉದಾಹರಣೆ. ಎರಡು ಮೂರು ನಿಮಿಷದ ಒಂದು ಅನಿಮೇಷನ್ ಸಾಕು. ಮೊದಲು ಧ್ವನಿ ಸಮೇತ ನೋಡುತ್ತೇವೆ, ಆಮೇಲೆ ಮ್ಯೂಟ್ ಮಾಡಿ. ಮ್ಯೂಟ್ ಮಾಡಿದ ತಕ್ಷಣ ಮೇಷ್ಟ್ರುಗಳಿಗೆ ಚಡಪಡಿಕೆ ಶುರು. ಈಗ ವಿವರಿಸೋರು ಯಾರು? ನೀವೇ ಅನ್ನುತ್ತೇನೆ. ನಿಮ್ಮ ಮಕ್ಕಳಿಗೆ ಅರ್ಥವಾಗೋ ಕನ್ನಡ ನಿಮ್ಮ ಬಾಯಲ್ಲಿದೆ, ಆ ವಿಡಿಯೋದವನ ಬಾಯಲ್ಲಿಲ್ಲ.

ಬಲ ಹೃತ್ಕುಕ್ಷಿ, ಅಂದ್ರೆ ಹೃದಯದ ಬಲಭಾಗದ ಕೆಳಗಿನ ಕೋಣೆ, ತುಂಬಿ ಇನ್ನೇನು ಕುಗ್ಗಬೇಕು, ಅಲ್ಲಿ ನಿಲ್ಲಿಸಬೇಕು. "ಈಗ ಈ ರಕ್ತ ಎಲ್ಲಿಗೆ ಹೋಗುತ್ತೆ?" ಅಂತ ಕೇಳಬೇಕು. ಮುಕ್ಕಾಲು ಪಾಲು ಮಕ್ಕಳು ಮೈಗೆಲ್ಲ ಹೋಗುತ್ತೆ ಅಂತಾರೆ. ಉತ್ತರ ನೋಟ್ಸಿನಲ್ಲಿ ಬರೆದ ಮೇಲೆ ಪ್ಲೇ ಒತ್ತಿದರೆ ಅದು ಶ್ವಾಸಕೋಶದ ಕಡೆ ಹೋಗೋದನ್ನು ಕಣ್ಣು ಬಿಟ್ಟು ನೋಡುತ್ತಾರೆ. ಸುಮ್ನೆ ಓಡಿಸಿದರೆ ಇಷ್ಟು ಗಮನ ಸಿಗಲ್ಲ.

ಇನ್ನೆರಡು ಕಡೆ ನಿಲ್ಲಿಸಲೇಬೇಕು, ಯಾಕಂದ್ರೆ ಎಷ್ಟೋ ವಿಡಿಯೋಗಳು ಇದನ್ನು ಹೇಳೋದೇ ಇಲ್ಲ. ಒಂದು, ಚಿತ್ರದಲ್ಲಿ ನಮ್ಮ ಎಡಗಡೆ ಕಾಣೋದು ಹೃದಯದ ಬಲಭಾಗ. ಒಬ್ಬ ಹುಡುಗನನ್ನು ತರಗತಿ ಕಡೆ ಮುಖ ಮಾಡಿ ನಿಲ್ಲಿಸಿ ಬಲಗೈ ಎತ್ತಿಸಿದರೆ ಮುಗೀತು. ಇನ್ನೊಂದು, ನೀಲಿ ಬಣ್ಣ. ಆಕ್ಸಿಜನ್ ಕಡಿಮೆ ಇರೋ ರಕ್ತ ನಿಜವಾಗಿ ಕಡುಗೆಂಪು, ನೀಲಿ ಬರೀ ಗುರುತಿಗೆ. ಇದನ್ನು ಹೇಳದೆ ಹೋದರೆ ರಕ್ತದಲ್ಲಿ ಎರಡು ಬಣ್ಣ ಇದೆ ಅಂತ ನಂಬಿಕೊಂಡೇ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ.

ಸ್ಲೈಡಿನ ಕಾಯಿಲೆ ಬೇರೆ. ಪಠ್ಯಪುಸ್ತಕದ ಪ್ಯಾರಾವನ್ನು ಇಡಿಯಾಗಿ ಟೈಪ್ ಮಾಡಿಸಿ, ಅದನ್ನೇ ಗಟ್ಟಿಯಾಗಿ ಓದೋದು. ಚಿತ್ರ ತೋರಿಸಿ ವಿವರಿಸುವಾಗ ಅದೇ ಮಾತನ್ನು ಪರದೆ ಮೇಲೂ ಬರೆದರೆ ಕಲಿಕೆಗೆ ಅಡ್ಡಿಯಾಗುತ್ತೆ ಅನ್ನೋದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಂತ ಅಕ್ಷರವೇ ಬೇಡ ಅಂತಲ್ಲ. ಹೃತ್ಕರ್ಣ, ಹೃತ್ಕುಕ್ಷಿ, ಕವಾಟದಂಥ ಪದಗಳು ಚಿತ್ರದ ಪಕ್ಕದಲ್ಲೇ ಇರಲಿ, ದೊಡ್ಡದಾಗಿ. ಕನ್ನಡಕ್ಕೆ ಸಾಲಿನ ನಡುವೆ ಜಾಸ್ತಿ ಜಾಗ ಬೇಕು, ಇಲ್ಲಾಂದ್ರೆ ‘ರಾಷ್ಟ್ರ’ದ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ. ಒಬ್ಬರನ್ನು ಕೊನೇ ಬೆಂಚಿಗೆ ಕಳಿಸಿ ಓದಿಸುತ್ತೇನೆ. ಅವರು ತಡವರಿಸಿದರೆ ಆ ಸ್ಲೈಡನ್ನು ಎರಡು ಮಾಡಬೇಕು.

ಫಾಂಟಿನ ಗೋಳು ಹೇಳತೀರದು. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತೆ. ಹಾಗಾಗಿ ಎಲ್ಲ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡ್‌ನಲ್ಲೇ ಇರಲಿ, ಪೆನ್ ಡ್ರೈವಿನಲ್ಲಿ ಒಂದು ಪಿಡಿಎಫ್ ಪ್ರತಿಯೂ ಇರಲಿ. ವಿಡಿಯೋ ಕೂಡ ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ. 2017ರಲ್ಲಿ ಶುರುವಾದ, ಶಾಲಾ ಪಾಠಗಳಿರೋ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ. ಕರೆಂಟು ಹೋದರೆ? ಬೋರ್ಡಿದೆ, ಸೀಮೆಸುಣ್ಣ ಇದೆ.

ಮೇಷ್ಟ್ರುಗಳಿಗೆ ಬಹಳ ಇಷ್ಟವಾದ ತಂತ್ರ ಒಂದು ಕೀ. ಸ್ಲೈಡ್ ಓಡುವಾಗ ಕೀಬೋರ್ಡಿನ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತೆ, ಮತ್ತೆ ಒತ್ತಿದರೆ ವಾಪಸ್ ಬರುತ್ತೆ. ಪವರ್‌ಪಾಯಿಂಟ್‌ನಲ್ಲೂ ಆಗುತ್ತೆ, ಲಿಬ್ರೆ ಆಫೀಸಿನ ಇಂಪ್ರೆಸ್‌ನಲ್ಲೂ ಆಗುತ್ತೆ. ಪರದೆ ಕಪ್ಪಾಯ್ತು ಅಂದ್ರೆ ಮಕ್ಕಳ ಕಣ್ಣು ತಾನಾಗೇ ಮೇಷ್ಟ್ರ ಕಡೆ ತಿರುಗುತ್ತೆ.

"ಸರ್, ಹಿಂಗೆ ನಿಲ್ಲಿಸ್ಕೊಂಡು ಹೋದ್ರೆ ಸಿಲಬಸ್ ಮುಗಿಯುತ್ತಾ?" ಅಂತ ಗಣಿತದ ಮೇಡಂ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಎಲ್ಲ ಪಾಠಕ್ಕೂ ಮಾಡಿದರೆ ಖಂಡಿತ ಮುಗಿಯಲ್ಲ. ಘಟಕಕ್ಕೆ ಒಂದು ವಿಡಿಯೋ ಸಾಕು, ಮಕ್ಕಳು ಎಡವೋ ಜಾಗಕ್ಕೆ. ಮೇಡಂ ಪೂರ್ತಿ ಒಪ್ಪಲಿಲ್ಲ. ಗಣಿತಕ್ಕೆ ಬೋರ್ಡೇ ಮೇಲು ಅನ್ನೋದು ಅವರ ವಾದ, ನನಗೂ ಬಹುಪಾಲು ಹಾಗೇ ಅನ್ನಿಸುತ್ತೆ.

ತರಬೇತಿ ಮುಗಿದ ಮೇಲೂ ನಮ್ಮ ವಾಟ್ಸಾಪ್ ಗುಂಪು ನಡೆಯುತ್ತಿದೆ. ಅಲ್ಲಿ ಒಂದೇ ನಿಯಮ. ಬರೀ ಲಿಂಕ್ ಹಾಕೋ ಹಾಗಿಲ್ಲ. ಎಷ್ಟನೇ ನಿಮಿಷಕ್ಕೆ ನಿಲ್ಲಿಸಬೇಕು, ಅಲ್ಲಿ ಏನು ಕೇಳಬೇಕು, ಎರಡನ್ನೂ ಬರೆದೇ ಹಾಕಬೇಕು. ಬರೆಯದಿದ್ದರೆ ಯಾರಾದರೂ ಒಬ್ಬರು ಕೆಳಗೆ "ಎಲ್ಲಿ ನಿಲ್ಲಿಸೋದು ಸರ್?" ಅಂತ ಹಾಕೇ ಹಾಕುತ್ತಾರೆ.